ನಿಂತವರನ್ನು ಬೀಳಿಸದ ಕಂಟ್ರೋಲರ್

ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ಕಂಡ ಕೂಡಲೇ ನಮ್ಮ ಬೆಳಗಾವಿ ಮಂದಿ ಕೇಳುವ ಪ್ರಶ್ನೆ ಒಂದೇ. "ಎಷ್ಟ್ ಸ್ಪೀಡ್ ಹೋಗತೈತ್ರಿ?" ಚಹಾದಂಗಡಿಯವರೂ ಕೇಳುತ್ತಾರೆ, ಟ್ರಾಫಿಕ್ ಪೊಲೀಸರೂ ಕೇಳುತ್ತಾರೆ. ಕೇಳುವ ಧಾಟಿ ಮಾತ್ರ ಬೇರೆ.

ನನ್ನ ಮಟ್ಟಿಗೆ ಇದು ಸಪ್ಪೆ ಪ್ರಶ್ನೆ. ಉತ್ತರ ಕ್ಯಾಲ್ಕುಲೇಟರ್‌ನಲ್ಲೇ ಇದೆ. ಹತ್ತು ಸೆಲ್ ಸಾಲಾಗಿ ಜೋಡಿಸಿದ ಲಿಥಿಯಂ ಬ್ಯಾಟರಿ ಅಂದರೆ ಸುಮಾರು 36 ವೋಲ್ಟ್. ಮೋಟಾರ್ ಮೇಲೆ 190 ಕೆವಿ ಅಂತ ಬರೆದಿದ್ದರೆ ಒಂದು ವೋಲ್ಟಿಗೆ ನಿಮಿಷಕ್ಕೆ 190 ಸುತ್ತು. ಎರಡನ್ನೂ ಗುಣಿಸಿ, 6,840 ಸುತ್ತು ಬರುತ್ತದೆ. ಮೋಟಾರಿನ ಪುಲ್ಲಿಗೆ 15 ಹಲ್ಲು, ಚಕ್ರದ ಪುಲ್ಲಿಗೆ 36 ಹಲ್ಲು ಇದ್ದರೆ ಚಕ್ರಕ್ಕೆ ಸಿಗುವುದು 2,850 ಸುತ್ತು. 83 ಮಿಲಿಮೀಟರ್ ಚಕ್ರವಾದರೆ ಗಂಟೆಗೆ 44 ಕಿಲೋಮೀಟರ್ ಚಿಲ್ಲರೆ. ಗಾಳಿ, ರಸ್ತೆ, ಬೆಲ್ಟು ತಿನ್ನುವುದನ್ನು ಕಳೆದು ಹೇಳಿ. ಮುಗೀತು. ಇದರಲ್ಲಿ ಬ್ಯಾಟರಿಗೂ ಮೋಟಾರಿಗೂ ನಡುವೆ ಕೂತು ಕರೆಂಟು ಅಳೆದು ಕೊಡುವ ಕಂಟ್ರೋಲರ್‌ನ ಜಾಣತನ ಏನೂ ಇಲ್ಲ. ಬ್ಯಾಟರಿಗೆ ಇನ್ನೆರಡು ಸೆಲ್ ಸೇರಿಸಿದರೆ ಸ್ಪೀಡ್ ತಾನಾಗೇ ಜಾಸ್ತಿಯಾಗುತ್ತದೆ.

ಕಂಟ್ರೋಲರ್‌ನ ಯೋಗ್ಯತೆ ಗೊತ್ತಾಗುವುದು ಎರಡು ಕಡೆ. ನಿಂತ ಬೋರ್ಡು ಹೊರಡುವ ಮೊದಲ ಒಂದು ಮೀಟರ್‌ನಲ್ಲಿ. ಆಮೇಲೆ, ಎದುರಿಗೆ ಎಮ್ಮೆ ಬಂದಾಗ ನಿಲ್ಲಿಸುವ ಕೊನೆಯ ಹತ್ತು ಮೀಟರ್‌ನಲ್ಲಿ. ಸ್ಕೂಟರಿಗೆ ಹ್ಯಾಂಡಲ್ ಇದೆ, ಸೀಟಿದೆ, ಮೊಣಕಾಲು ಒತ್ತಿ ಹಿಡಿಯಬಹುದು. ಸ್ಕೇಟ್‌ಬೋರ್ಡ್ ಮೇಲಿರುವವನಿಗೆ ಎರಡು ಪಾದ ಬಿಟ್ಟರೆ ಬೇರೆ ಆಧಾರ ಇಲ್ಲ. ಸಿಟಿ ಬಸ್ಸಿನಲ್ಲಿ ಏನೂ ಹಿಡಿಯದೆ ನಿಂತವರ ಪಾಡೇ ಇದು. ಡ್ರೈವರ್ ಎಷ್ಟು ಜೋರಾಗಿ ಓಡಿಸುತ್ತಾನೆ ಅನ್ನುವುದು ಅವರನ್ನು ಬೀಳಿಸುವುದಿಲ್ಲ, ಕ್ಲಚ್ಚು ಬ್ರೇಕು ಹೇಗೆ ಬಿಡುತ್ತಾನೆ ಅನ್ನುವುದು ಬೀಳಿಸುತ್ತದೆ.

ನನ್ನ ಕೆಲಸ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ. ಫೌಂಡ್ರಿಗಳಿಗೆ, ಮಷಿನ್ ಶಾಪ್‌ಗಳಿಗೆ ಮೋಟಾರು ಓಡಿಸುವ ಡ್ರೈವ್ ಪ್ಯಾನೆಲ್ ಕೂಡಿಸುವುದು, ಕೆಟ್ಟರೆ ಹೋಗಿ ರಿಪೇರಿ ಮಾಡುವುದು. ಮೂರು ಫೇಸ್ ಮೋಟಾರು, ಆರು ಸ್ವಿಚ್ಚು, ನಡುವೆ ಒಂದು ಮಿದುಳು. ಹಗಲೆಲ್ಲ ಅದೇ. ಅಣ್ಣನ ಮಗ ಚಿಕ್ಕಂದಿನಿಂದ ರೋಲರ್ ಸ್ಕೇಟಿಂಗ್ ಮಾಡುತ್ತಾನೆ. ನಮ್ಮ ಊರಲ್ಲಿ ಅದರ ಹುಚ್ಚು ಇರುವ ಮಕ್ಕಳು ಸಾಕಷ್ಟಿದ್ದಾರೆ. ಅವನು ಒಂದು ರೆಡಿಮೇಡ್ ಎಲೆಕ್ಟ್ರಿಕ್ ಬೋರ್ಡ್ ತರಿಸಿಕೊಂಡ. ಓಡಿಸಲು ಕೈಯಲ್ಲಿ ಹಿಡಿಯುವ ರಿಮೋಟಿನ ಚಕ್ರ ಒಂದು ಕೂದಲೆಳೆ ತಳ್ಳಿದರೆ ಏನೂ ಆಗುತ್ತಿರಲಿಲ್ಲ. ಇನ್ನೊಂದು ಕೂದಲೆಳೆ ತಳ್ಳಿದರೆ ಬೋರ್ಡು ಕಾಲಡಿಯಿಂದ ಜಿಗಿದು ಓಡುತ್ತಿತ್ತು. "ಕಾಕಾ, ಇದನ್ನ ಸ್ವಲ್ಪ ನೋಡು" ಅಂದ. ಬಿಚ್ಚಿ ನೋಡಿದೆ. ಒಳಗಿದ್ದದ್ದು ನಾನು ಹಗಲೆಲ್ಲ ನೋಡುವ ಅದೇ ಆರು ಸ್ವಿಚ್ಚು, ಅಂಗೈಯಗಲದ ಬೋರ್ಡಿನ ಮೇಲೆ. ಆವತ್ತಿನಿಂದ ರಾತ್ರಿಯ ಕೆಲಸವೂ ಶುರುವಾಯಿತು.

ಅದು ಯಾಕೆ ಜಿಗಿಯುತ್ತಿತ್ತು ಅನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. ಅಗ್ಗದ ಕಂಟ್ರೋಲರ್‌ಗಳು ರಿಮೋಟಿನ ಚಕ್ರವನ್ನು ನೇರವಾಗಿ ವೋಲ್ಟೇಜ್‌ಗೆ ಕಟ್ಟುತ್ತವೆ. ಚಕ್ರ ಹತ್ತು ಪರ್ಸೆಂಟ್ ತಳ್ಳಿದೆಯಾ, ಮೋಟಾರಿಗೆ ಹತ್ತು ಪರ್ಸೆಂಟ್ ವೋಲ್ಟೇಜ್, ಅಂದರೆ 3.6 ವೋಲ್ಟ್. ತಿರುಗುವ ಮೋಟಾರು ತಾನೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಕರೆಂಟನ್ನು ಹಿಡಿತದಲ್ಲಿ ಇಡುತ್ತದೆ. ನಿಂತ ಮೋಟಾರಿನಲ್ಲಿ ಅದಿಲ್ಲ. ಅಲ್ಲಿ ಇರುವುದು ಬರೀ ತಾಮ್ರ. ಎರಡು ತಂತಿಗಳ ನಡುವಿನ ರೆಸಿಸ್ಟೆನ್ಸ್ 50 ಮಿಲಿಓಮ್ ಅಂತ ಇಟ್ಟುಕೊಳ್ಳಿ. 3.6 ವೋಲ್ಟಿಗೆ 72 ಆಂಪ್ ನುಗ್ಗುತ್ತದೆ.

72 ಆಂಪ್ ಅಂದರೆ ಕಾಲಿಗೆ ಎಷ್ಟು? 190 ಕೆವಿ ಮೋಟಾರು ಒಂದು ಆಂಪ್‌ಗೆ ಸುಮಾರು 0.05 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಪುಲ್ಲಿ, ಚಕ್ರ ಎಲ್ಲ ಲೆಕ್ಕ ಹಾಕಿದರೆ ರಸ್ತೆಯ ಮೇಲೆ ಒಂದು ಆಂಪ್‌ಗೆ ಮೂರು ನ್ಯೂಟನ್‌ಗೆ ಸ್ವಲ್ಪ ಕಡಿಮೆ ತಳ್ಳು. 72 ಆಂಪ್‌ಗೆ 200 ನ್ಯೂಟನ್ ದಾಟುತ್ತದೆ. ಹುಡುಗ, ಬೋರ್ಡು ಸೇರಿ 85 ಕಿಲೋ ಅಂದರೂ ನೆಲದ ಸೆಳೆತದ ಕಾಲು ಭಾಗದಷ್ಟು ವೇಗೋತ್ಕರ್ಷ, ಅದೂ ಕಣ್ಣು ಮಿಟುಕಿಸುವುದರೊಳಗೆ. ಬೀಳದೆ ಏನು ಮಾಡುತ್ತಾನೆ?

ಹಾಗಾಗಿ ಒಳ್ಳೆಯ ಸ್ಕೇಟ್‌ಬೋರ್ಡ್ ಕಂಟ್ರೋಲರ್ ವೋಲ್ಟೇಜನ್ನೂ ಹಿಡಿಯುವುದಿಲ್ಲ, ವೇಗವನ್ನೂ ಹಿಡಿಯುವುದಿಲ್ಲ. ಅದು ಹಿಡಿಯುವುದು ಕರೆಂಟು. ರಿಮೋಟಿನ ಚಕ್ರ ಇಷ್ಟು ತಳ್ಳಿದರೆ ಇಷ್ಟು ಆಂಪ್. ಆಂಪ್ ಅಂದರೆ ಟಾರ್ಕ್, ಟಾರ್ಕ್ ಅಂದರೆ ಪಾದಕ್ಕೆ ಸಿಗುವ ತಳ್ಳು. ಏರು ಬಂದರೆ ಬೋರ್ಡು ತಾನಾಗಿ ನಿಧಾನವಾಗುತ್ತದೆ, ಇಳಿಜಾರಿನಲ್ಲಿ ಓಡುತ್ತದೆ. ಮೇಲೆ ನಿಂತವನ ಮೈ ಇದನ್ನು ಮೊದಲೇ ಊಹಿಸಿರುತ್ತದೆ. ವೇಗವನ್ನು ಬಿಗಿಯಾಗಿ ಹಿಡಿಯುವ ಡ್ರೈವ್ ಕನ್ವೇಯರ್ ಬೆಲ್ಟಿಗೆ ಚೆಂದ. ನಮ್ಮ ಫೌಂಡ್ರಿಗಳಲ್ಲಿ ಅದೇ ಬೇಕು. ಮನುಷ್ಯ ಮೇಲೆ ನಿಂತರೆ ಅದೇ ಡ್ರೈವ್ ವೈರಿ.

ಈ ವಿಷಯದಲ್ಲಿ ನಾವೆಲ್ಲ ಒಬ್ಬನಿಗೆ ಋಣಿ. ಸ್ವೀಡನ್ನಿನ ಬೆಂಜಮಿನ್ ವೆಡ್ಡರ್. ಅವನ ಕಂಟ್ರೋಲರ್ ಬರುವ ಮೊದಲು ಮನೆಯಲ್ಲಿ ಬೋರ್ಡ್ ಕಟ್ಟುವವರು ಆಟಿಕೆ ವಿಮಾನದ, ಆಟಿಕೆ ಕಾರಿನ ಕಂಟ್ರೋಲರ್‌ಗಳನ್ನೇ ಹಾಕುತ್ತಿದ್ದರು. ವಿಮಾನದ್ದಕ್ಕೆ ಗಾಡಿ ನಿಲ್ಲಿಸುವ ಬ್ರೇಕಿನ ಗೊಡವೆಯೇ ಇಲ್ಲ. ಕಾರಿನದ್ದಕ್ಕೆ ಬ್ರೇಕ್ ಇದೆ, ಆದರೆ ಎರಡು ಕಿಲೋ ಕಾರಿಗೆ ಹೊಂದಿಸಿದ ಬ್ರೇಕು. 2015ರ ಹೊತ್ತಿಗೆ ವೆಡ್ಡರ್ ತನ್ನ ವೆಸ್ಕ್ ಕಂಟ್ರೋಲರ್‌ನ ಸರ್ಕ್ಯೂಟು, ಬೋರ್ಡಿನ ವಿನ್ಯಾಸ, ಸಾಫ್ಟ್‌ವೇರ್ ಎಲ್ಲವನ್ನೂ ಜನರ ಮುಂದಿಟ್ಟುಬಿಟ್ಟ. ಯಾರು ಬೇಕಾದರೂ ಓದಿ, ತಿದ್ದಿ, ಮಾಡಿಕೊಳ್ಳಿ ಅಂತ. ನಾನು ಡ್ರೈವ್ ಕಂಪನಿಗಳ ಮ್ಯಾನುಯಲ್ ಓದಿ ಬೆಳೆದವನು. ಅವುಗಳಲ್ಲಿ ಪ್ಯಾರಾಮೀಟರ್ ನಂಬರ್ ಇರುತ್ತದೆ, ಒಳಗೆ ಏನು ನಡೆಯುತ್ತದೆ ಅನ್ನುವುದು ಇರುವುದಿಲ್ಲ. ವೆಸ್ಕ್ ಕೋಡ್ ಓದಿದಾಗ ಹಗಲು ಕೆಲಸದ ಎಷ್ಟೋ ಸಂಗತಿ ತಲೆಗೆ ಹೊಳೆದವು. ಸಂಬಳ ಕೊಡುವವರು ಕಲಿಸದ್ದು ಅದು.

ಹಳೆಯ ಪದ್ಧತಿಯಲ್ಲಿ ಮೋಟಾರನ್ನು ಆರು ಹೆಜ್ಜೆಯಲ್ಲಿ ತಿರುಗಿಸುತ್ತಾರೆ. ಮೂರು ತಂತಿಗಳಲ್ಲಿ ಎರಡಕ್ಕೆ ಕರೆಂಟು, ಮೂರನೆಯದು ಖಾಲಿ. ಆಮೇಲೆ ಜೋಡಿ ಬದಲು. ಸ್ಕೇಟ್‌ಬೋರ್ಡ್ ಮೋಟಾರಿನಲ್ಲಿ ಸಾಮಾನ್ಯವಾಗಿ 14 ಆಯಸ್ಕಾಂತ, ಅಂದರೆ ಏಳು ಜೋಡಿ. ಒಂದು ಸುತ್ತಿಗೆ 42 ಹೆಜ್ಜೆ. ಪ್ರತಿ ಹೆಜ್ಜೆಗೂ ಟಾರ್ಕ್ ಸ್ವಲ್ಪ ಕುಂಟುತ್ತದೆ. ಜೋರಾಗಿ ಹೋಗುವಾಗ ಅದು ಬರೀ ಕಿರ್ ಅನ್ನುವ ಸದ್ದು. ನಿಧಾನವಾಗಿ ಹೋಗುವಾಗ ಪಾದಕ್ಕೆ ಕಚಗುಳಿ ಇಟ್ಟ ಹಾಗೆ ನಡುಕ.

ಹೊಸ ಪದ್ಧತಿ ಎಫ್‌ಓಸಿ, ಅಂದರೆ ಫೀಲ್ಡ್ ಓರಿಯೆಂಟೆಡ್ ಕಂಟ್ರೋಲ್. ಹೊಸದು ಅನ್ನುವುದು ಸ್ಕೇಟ್‌ಬೋರ್ಡಿಗೆ ಮಾತ್ರ. ಸೀಮೆನ್ಸ್‌ನ ಫೆಲಿಕ್ಸ್ ಬ್ಲಾಶ್ಕೆ ಇದರ ತಳಹದಿ ಹಾಕಿದ್ದು 1970ರ ದಶಕದ ಆರಂಭದಲ್ಲಿ. ಅದಕ್ಕೆ ಬೇಕಾದ ಗಣಿತ ಇನ್ನೂ ಹಳೆಯದು. ರಾಬರ್ಟ್ ಪಾರ್ಕ್ ಬರೆದ 1929ರ ಲೇಖನ ಒಂದು. ಇನ್ನೊಂದು ಎಡಿತ್ ಕ್ಲಾರ್ಕ್ ಕೊಟ್ಟದ್ದು. ಜನರಲ್ ಎಲೆಕ್ಟ್ರಿಕ್‌ನಲ್ಲಿ ದುಡಿದು, 1947ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯ ಸೇರಿ, ಅಮೆರಿಕದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಸಿದ ಮೊದಲ ಮಹಿಳಾ ಪ್ರೊಫೆಸರ್ ಆಕೆ. ವಿದ್ಯುತ್ ಲೈನುಗಳ ಲೆಕ್ಕಕ್ಕೆ ಮಾಡಿದ ಗಣಿತ ಇವತ್ತು ತಿಲಕವಾಡಿಯ ಹುಡುಗನ ಕಾಲಡಿ ಓಡುತ್ತಿದೆ. ನನಗೆ ಇದು ಭಾರಿ ಖುಷಿ ಕೊಡುವ ಸಂಗತಿ.

ಗಣಿತ ಹೇಳುವುದು ಇಷ್ಟು. ಮೂರು ತಂತಿಗಳಲ್ಲಿ ಮೂರು ಕರೆಂಟು ಏರಿಳಿಯುತ್ತಿರುತ್ತದೆ. ಹೊರಗೆ ನಿಂತು ನೋಡಿದರೆ ತಲೆ ತಿರುಗುತ್ತದೆ. ರೋಟರ್ ಜೊತೆಗೇ ನಾವೂ ತಿರುಗುತ್ತ ನೋಡಿದರೆ ಅಲ್ಲಿರುವುದು ಎರಡೇ ಅಂಕಿ. ಒಂದು ಆಯಸ್ಕಾಂತದ ನೇರಕ್ಕೆ ಇರುವ ಕರೆಂಟು, ಅದನ್ನು ಡಿ ಅನ್ನುತ್ತಾರೆ. ಇನ್ನೊಂದು ಅದಕ್ಕೆ ಅಡ್ಡಲಾಗಿ ಇರುವ ಕರೆಂಟು, ಕ್ಯೂ. ತಳ್ಳುವ ಕೆಲಸ ಎಲ್ಲ ಕ್ಯೂನದ್ದು. ಡಿ ಬರೀ ಬಿಸಿ ಮಾಡುತ್ತದೆ. ಹಾಗಾಗಿ ಕಂಟ್ರೋಲರ್ ಡಿಯನ್ನು ಸೊನ್ನೆಗೆ ಇಟ್ಟು ಕ್ಯೂ ಒಂದನ್ನೇ ರಿಮೋಟ್ ಕೇಳಿದಷ್ಟಕ್ಕೆ ಹಿಡಿಯುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಅಳೆದು, ಲೆಕ್ಕ ಮಾಡಿ, ಸ್ವಿಚ್ಚುಗಳಿಗೆ ಅಪ್ಪಣೆ ಕೊಡುತ್ತದೆ. ವೆಸ್ಕ್‌ನಲ್ಲಿ ಈ ಕೆಲಸ ಮಾಡುವುದು 168 ಮೆಗಾಹರ್ಟ್ಸ್‌ನ ಎಸ್‌ಟಿಎಂ32 ಚಿಪ್. ಡಿ ಬಿಸಿ ಮಾಡುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬ್ರೇಕಿನ ಹತ್ತಿರ ಬೇಕಾಗುತ್ತದೆ.

ಇದಕ್ಕೆಲ್ಲ ರೋಟರ್ ಎಲ್ಲಿದೆ ಅನ್ನುವುದು ಗೊತ್ತಿರಬೇಕು. ಓಡುವಾಗ ಎದುರು ವೋಲ್ಟೇಜ್ ನೋಡಿ ಊಹಿಸಬಹುದು. ನಿಂತಾಗ ಅದು ಸೊನ್ನೆ, ಊಹೆಗೆ ಆಧಾರ ಇಲ್ಲ. ಅದಕ್ಕೇ ಸೆನ್ಸರ್ ಇಲ್ಲದ ಬೋರ್ಡುಗಳು ಹೊರಡುವಾಗ ಕಟಕಟ ಅಂತ ಹಿಂದೆ ಮುಂದೆ ಆಡುತ್ತವೆ. ಒಂದು ಕಾಲಲ್ಲಿ ನೂಕಿ ಹತ್ತಬೇಕು. ಆಯಸ್ಕಾಂತ ಎಲ್ಲಿದೆ ಅಂತ ಗುರುತಿಸುವ ಮೂರು ಹಾಲ್ ಸೆನ್ಸರ್ ಹಾಕಿದರೆ ಈ ತೊಂದರೆ ಹೋಗುತ್ತದೆ, ಅವುಗಳ ಸಣ್ಣ ಕನೆಕ್ಟರಿನ ತೊಂದರೆ ಬರುತ್ತದೆ. ನಮ್ಮ ಮಳೆಗಾಲ, ಕೆಂಪು ಮಣ್ಣು ಎರಡೂ ಅದಕ್ಕೆ ಆಗಿಬರುವುದಿಲ್ಲ. ಹಾಗಾಗಿ ನನ್ನ ಬೋರ್ಡಿನಲ್ಲಿ ಸೆನ್ಸರ್ ಸುಳ್ಳು ಹೇಳಿದರೆ ಅದನ್ನು ಬಿಟ್ಟು ಊಹೆಗೆ ಜಾರುವ ವ್ಯವಸ್ಥೆ ಇಟ್ಟಿದ್ದೇನೆ. ಜಾರುವಾಗ ಕರೆಂಟನ್ನು ಮೊದಲು ಇಳಿಸಿ, ಆಮೇಲೆ ಬದಲಿಸಿ, ಮತ್ತೆ ಏರಿಸಬೇಕು. ಇಲ್ಲದಿದ್ದರೆ ಆ ಬದಲಾವಣೆಯೇ ಒಂದು ಒದೆತ.

ಸಾಫ್ಟ್‌ವೇರ್ ಮಾತು ಸಾಕು, ತಾಮ್ರದ ಮಾತಿಗೆ ಬರೋಣ. ಕಂಟ್ರೋಲರ್ ಸುಡುವುದು ಸಾಮಾನ್ಯವಾಗಿ ಆಂಪ್ ಜಾಸ್ತಿಯಾಗಿ ಅಂತ ಜನ ಅಂದುಕೊಂಡಿದ್ದಾರೆ. ನಾನು ನೋಡಿದ ಸತ್ತ ಬೋರ್ಡುಗಳಲ್ಲಿ ಹೆಚ್ಚಿನವು ಸತ್ತದ್ದು ವೋಲ್ಟೇಜ್ ಏಟಿಗೆ. ಹಳೆಯ ವೆಸ್ಕ್‌ನ ಮಾಸ್‌ಫೆಟ್‌ಗಳು, ಅಂದರೆ ಆ ಆರು ಸ್ವಿಚ್ಚುಗಳು, 60 ವೋಲ್ಟಿನವು. ಅವನ್ನು ಓಡಿಸುವ ಡಿಆರ್‌ವಿ8302 ಚಿಪ್ಪಿಗೂ ಮಿತಿ 60. ಹತ್ತು ಸೆಲ್ಲಿನ ಬ್ಯಾಟರಿ ಫುಲ್ ಆದಾಗ 42 ವೋಲ್ಟ್, 18 ವೋಲ್ಟ್ ಅಂತರ ಇದೆ ಅನ್ನಿಸುತ್ತದೆ. ಆದರೆ ಮಾಸ್‌ಫೆಟ್ ಮತ್ತು ಕೆಪಾಸಿಟರ್ ನಡುವಿನ ತಾಮ್ರದ ದಾರಿಯಲ್ಲಿ 10 ನ್ಯಾನೋಹೆನ್ರಿ ಇಂಡಕ್ಟೆನ್ಸ್ (ಹರಿಯುವ ಕರೆಂಟನ್ನು ಗಕ್ಕನೆ ನಿಲ್ಲಲು ಬಿಡದ ಗುಣ) ಇದ್ದರೂ ಸಾಕು. 50 ಆಂಪ್ ಕರೆಂಟು 50 ನ್ಯಾನೋಸೆಕೆಂಡಿನಲ್ಲಿ ನಿಂತರೆ 10 ವೋಲ್ಟ್ ಮೇಲೆ ಏರುತ್ತದೆ. ಹನ್ನೆರಡು ಸೆಲ್ ಹಾಕಿದರೆ ಫುಲ್ ಚಾರ್ಜೇ 50.4. ಅದರ ಮೇಲೆ ಆ 10. ಮುಗಿದ ಕಥೆ.

ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ ಇದನ್ನು ನೋಡಬೇಕು. ಸ್ವಿಚ್ ಬಿಟ್ಟ ಕ್ಷಣ ಗೆರೆ ಸೀದಾ ಮೇಲೆ ಹೋಗಿ 42ರಲ್ಲಿ ನಿಲ್ಲಬೇಕಲ್ವಾ? ನಿಲ್ಲುವುದಿಲ್ಲ. 55ರ ತನಕ ಚಿಮ್ಮಿ, ಕೆಳಗೆ ಬಿದ್ದು, ಮತ್ತೆ ಚಿಮ್ಮಿ, ನಡುಗಿ ನಡುಗಿ ನೆಲೆಗೆ ಬರುತ್ತದೆ. ಪ್ರೋಬಿನ ಉದ್ದನೆಯ ಅರ್ಥ್ ವೈರ್ ಕಿತ್ತು, ಬರೀ ಸ್ಪ್ರಿಂಗ್ ತುದಿಯಿಂದ ಮುಟ್ಟಿ ಅಳೆದರೆ ಸ್ವಲ್ಪ ಕಡಿಮೆ ಕಾಣುತ್ತದೆ. ಮಾಸ್‌ಫೆಟ್‌ಗೆ ಅಪ್ಪಣೆ ಹೋಗುವ ಗೇಟ್ ಕಾಲಿನ ರೆಸಿಸ್ಟರ್ ಬದಲಿಸಿ ಸ್ವಿಚ್ಚನ್ನು ನಿಧಾನ ಮಾಡಿದರೆ ಚಿಮ್ಮುವುದು ತಗ್ಗುತ್ತದೆ, ಬಿಸಿ ಏರುತ್ತದೆ. ಕೊನೆಗೆ ನಾನು ಒಪ್ಪಿಕೊಂಡ ಮದ್ದು ಬೇರೆ. ಸಣ್ಣ ಸೆರಾಮಿಕ್ ಕೆಪಾಸಿಟರ್‌ಗಳನ್ನು ಪ್ರತಿ ಜೋಡಿ ಮಾಸ್‌ಫೆಟ್‌ನ ಕಾಲ ಬುಡಕ್ಕೇ ತಂದು ಕೂಡಿಸುವುದು. ದೊಡ್ಡ ಡಬ್ಬಿ ಕೆಪಾಸಿಟರ್ ಎಷ್ಟು ದೊಡ್ಡದಿದ್ದರೂ ಎರಡು ಇಂಚು ದೂರ ಇದ್ದರೆ ಈ ಕೆಲಸಕ್ಕೆ ಬಾರದು. ಬ್ಯಾಟರಿ ವೈರಿಗೆ ಆ ದೊಡ್ಡದು ಬೇಕು, ಒಂದು ಮೀಟರ್ ವೈರಿಗೆ ಸುಮಾರು ಒಂದು ಮೈಕ್ರೋಹೆನ್ರಿ ಇರುತ್ತದೆ. ಎರಡೂ ಬೇಕು, ಅವರವರ ಜಾಗದಲ್ಲಿ.

ಹೊಸ ಬೋರ್ಡಿಗೆ ಮೊದಲ ಸಲ ಬ್ಯಾಟರಿ ಕೊಡುವಾಗ ಎದೆ ಢವಢವ ಅನ್ನುತ್ತದೆ. ಒಂದು ಬೆಸುಗೆ ತಪ್ಪಿದ್ದರೂ ಆರೂ ಮಾಸ್‌ಫೆಟ್ ಹೊಗೆ. ಕರೆಂಟ್ ಮಿತಿಗೊಳಿಸುವ ಪವರ್ ಸಪ್ಲೈ ನನ್ನ ಹತ್ತಿರ ಇದೆ, ಆದರೂ ಶಹಾಪುರದ ವೈಂಡಿಂಗ್ ಮಿಸ್ತ್ರಿ ಮಾಮಾ ಹೇಳಿದ ದಾರಿಯೇ ನನಗೆ ಪಸಂದು. ಅವರು ಪಂಪ್‌ಸೆಟ್ ಮೋಟಾರು ಕಟ್ಟುವವರು. ಕಬ್ಬಿನ ಹೊಲದಿಂದ ಬಂದ ಮೋಟಾರಿನ ಮುಚ್ಚಳ ತೆಗೆದು ವಾರ್ನಿಷ್ ವಾಸನೆ ಹಿಡಿದೇ ಸಿಂಗಲ್ ಫೇಸ್ ಆಗಿ ಸುಟ್ಟದ್ದೋ, ನೀರು ಹೊಕ್ಕು ಸುಟ್ಟದ್ದೋ ಹೇಳುತ್ತಾರೆ. ಕಟ್ಟಿದ ಮೋಟಾರನ್ನು ಸೀದಾ ಲೈನಿಗೆ ಹಾಕುವ ರೂಢಿ ಅವರಿಗಿಲ್ಲ. ಮೊದಲು ಸೀರೀಸ್ ಬಲ್ಬು. ನನ್ನ ಕಂಟ್ರೋಲರ್ ನೋಡಿ, "ತಮ್ಮಾ, ಇದಕ್ಕೂ ಒಂದ್ ಬಲ್ಬ್ ಹಾಕಿ ನೋಡಲ್ಲ" ಅಂದರು. ಲಾರಿಯ 24 ವೋಲ್ಟಿನ ಹೆಡ್‌ಲೈಟ್ ಬಲ್ಬು ಎರಡು ಸಾಲಾಗಿ ಜೋಡಿಸಿ ಬ್ಯಾಟರಿ ವೈರಿನ ನಡುವೆ ಹಾಕಿದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಝಗ್ ಅಂತ ಉರಿಯುತ್ತದೆ, ಮಾಸ್‌ಫೆಟ್ ಉಳಿಯುತ್ತದೆ. ಸರಿ ಇದ್ದರೆ ಕೆಪಾಸಿಟರ್ ತುಂಬುವ ತನಕ ಒಮ್ಮೆ ಮಿಣುಕಿ ಆರಿಹೋಗುತ್ತದೆ. ಸಾವಿರಾರು ರೂಪಾಯಿಯ ಉಪಕರಣಕ್ಕಿಂತ ಇದನ್ನು ದೂರದಿಂದಲೇ ಓದಬಹುದು.

ಬ್ರೇಕಿನ ಪ್ರಶ್ನೆ ಎತ್ತಿದವರೂ ಅವರೇ. ಬೋರ್ಡನ್ನು ತಲೆಕೆಳಗೆ ಮಾಡಿ ಚಕ್ರ ತಿರುಗಿಸಿ, ಬ್ರೇಕ್ ಹಾಕಿ ತೋರಿಸುತ್ತಿದ್ದೆ. ಬ್ರೇಕ್ ಶೂ ಎಲ್ಲಿ ಅಂತ ಹುಡುಕಿದರು. ಇಲ್ಲ ಮಾಮಾ, ಮೋಟಾರೇ ಬ್ರೇಕ್ ಹಾಕತದ್ರಿ ಅಂದೆ. "ಹಂಗಾರ ಆ ಕರೆಂಟ್ ಎಲ್ಲಿಗೆ ಹೋಗತೈತಿ?" ಅಂದರು. ಬ್ಯಾಟರಿಗೆ. "ಬ್ಯಾಟರಿ ತುಂಬಿದ್ರ?"

ಇದೇ ಪ್ರಶ್ನೆ. ಗಂಟೆಗೆ 25 ಕಿಲೋಮೀಟರ್‌ನಲ್ಲಿ 85 ಕಿಲೋ ಹೋಗುತ್ತಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 2,000 ಜೂಲ್. ಹತ್ತು ಮೀಟರ್‌ನಲ್ಲಿ ನಿಲ್ಲಬೇಕೆಂದರೆ ಬ್ರೇಕ್ ಹಿಡಿದ ಮೊದಲ ಕ್ಷಣದಲ್ಲಿ 1,400 ವ್ಯಾಟ್ ಎಲ್ಲಿಗಾದರೂ ಹೋಗಬೇಕು. ತಂತಿಯಲ್ಲಿ ನಷ್ಟವಾಗುವುದನ್ನು ಕಳೆದರೂ ಬ್ಯಾಟರಿ ಕಡೆಗೆ ಸುಮಾರು 30 ಆಂಪ್. ನಾಲ್ಕು ಸಾಲು ಸೆಲ್, ಒಂದೊಂದು 4 ಆಂಪ್ ಚಾರ್ಜ್ ತಾಳುತ್ತದೆ ಅಂದರೆ ಒಟ್ಟು 16. ಅರ್ಧಕ್ಕೇ ಹೊಟ್ಟೆ ತುಂಬಿತು. ಬ್ಯಾಟರಿ ಆಗಲೇ ಫುಲ್ ಇದ್ದರೆ ಅದೂ ಇಲ್ಲ. ಅಣ್ಣನ ಮಗನ ರೆಡಿಮೇಡ್ ಬೋರ್ಡು ಒಂದು ಬೆಳಗ್ಗೆ ಮಾಡಿದ್ದು ಇದನ್ನೇ. ರಾತ್ರಿಯಿಡೀ ಚಾರ್ಜು, ಮನೆ ಮುಂದಿನ ಇಳಿಜಾರು, ಬ್ರೇಕ್ ಒತ್ತಿದ. ಬ್ಯಾಟರಿಯ ಕಾವಲು ಸರ್ಕ್ಯೂಟು ಓವರ್ ವೋಲ್ಟೇಜ್ ಅಂತ ಬಾಗಿಲು ಹಾಕಿತು. ಬ್ರೇಕು ಮಾಯ. ಹುಲ್ಲಿನ ಮೇಲೆ ಹಾರಿ ಉಳಿದುಕೊಂಡ. ಬ್ಯಾಟರಿ ಕಾಯುವುದೇ ಆ ಸರ್ಕ್ಯೂಟಿನ ಕೆಲಸ, ಅದನ್ನು ಮಾಡಿತು. ಮೇಲೆ ನಿಂತ ಹುಡುಗನನ್ನು ಕಾಯುವ ಕೆಲಸ ಯಾರದೂ ಆಗಿರಲಿಲ್ಲ.

ಫೌಂಡ್ರಿಯ ಕ್ರೇನಿನಲ್ಲಿ ಇದೇ ತೊಂದರೆಗೆ ಬ್ರೇಕ್ ರೆಸಿಸ್ಟರ್ ಇರುತ್ತದೆ. ಭಾರ ಇಳಿಸುವಾಗ ಬಂದ ಕರೆಂಟನ್ನು ಒಂದು ದೊಡ್ಡ ಜಾಲರಿ ಪೆಟ್ಟಿಗೆಯಲ್ಲಿ ಸುಟ್ಟುಹಾಕುವುದು. ಸ್ಕೇಟ್‌ಬೋರ್ಡಿನಲ್ಲಿ ಅದಕ್ಕೆ ಜಾಗ ಎಲ್ಲಿ? ಯೋಚನೆ ಮಾಡಿದರೆ ಜಾಗ ಇದೆ. ಮೋಟಾರಿನ ತಾಮ್ರವೇ ರೆಸಿಸ್ಟರ್. ಡಿ ಕರೆಂಟು ಬರೀ ಬಿಸಿ ಮಾಡುತ್ತದೆ ಅಂದೆನಲ್ಲ? ಯಾವಾಗಲೂ ಬೇಡ ಅನ್ನುವ ಆ ಕರೆಂಟನ್ನು ಬ್ಯಾಟರಿ ತುಂಬಿದಾಗ ಬೇಕಂತಲೇ ಹರಿಸುವುದು. ಚಕ್ರದಿಂದ ಬಂದ ಶಕ್ತಿ ಬ್ಯಾಟರಿಗೆ ಹೋಗದೆ ಸುರುಳಿಯಲ್ಲೇ ಕಾವಾಗಿ ಕಳೆಯುತ್ತದೆ.

ಇದು ಪೂರ್ತಿ ಪರಿಹಾರ ಅಲ್ಲ, ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಒಂದು ಮೋಟಾರಿನಲ್ಲಿ 80 ಆಂಪ್ ಹರಿಸಿದರೆ ಸುಮಾರು 240 ವ್ಯಾಟ್ ಸುಡುತ್ತದೆ, ಎರಡು ಮೋಟಾರಿಗೆ 480. ಬೇಕಾಗಿದ್ದದ್ದು 1,400. ಹಾಗಾಗಿ ವೇಗವಾಗಿದ್ದಾಗ ಬ್ರೇಕು ಮೆತ್ತಗೆ, ನಿಧಾನ ಆದಂತೆ ಬಿಗಿ. ಹತ್ತು ಮೀಟರ್ ಬದಲು ಇಪ್ಪತ್ತು ಮೀಟರ್ ಬೇಕಾಗುತ್ತದೆ. ಸುಮ್ನೆ ಜಾರಿಕೊಂಡು ಹೋಗುವುದಕ್ಕಿಂತ ಇಪ್ಪತ್ತು ಮೀಟರ್ ಸಾವಿರ ಪಾಲು ವಾಸಿ. ಒಂದು ಸಲ ನಿಂತದ್ದಕ್ಕೆ ಮೋಟಾರು ಬಿಸಿ ಆಗುವುದು ನಾಲ್ಕಾರು ಡಿಗ್ರಿಗಿಂತ ಜಾಸ್ತಿಯಲ್ಲ, ಶಾಖ ಇಡೀ ಮೋಟಾರಿಗೆ ಹರಡಿದ ಮೇಲೆ. ಉದ್ದನೆಯ ಇಳಿಜಾರು ಬೇರೆ ಮಾತು. ಮೂವತ್ತು ಮೀಟರ್ ಎತ್ತರ ಇಳಿದರೆ 25,000 ಜೂಲ್. ಅದನ್ನು ತಾಮ್ರಕ್ಕೆ ಹೊರಿಸಿದರೆ ಮಾಮಾನ ಮೂಗಿಗೆ ಕೆಲಸ ಬರುತ್ತದೆ. ಹಾಗಾಗಿ ದಿಬ್ಬದ ಮೇಲೆ ಮನೆ ಇರುವವರು ಬ್ಯಾಟರಿ ಪೂರ್ತಿ ತುಂಬಿಸಬೇಡಿ. ಇದಕ್ಕೆ ಕೋಡ್ ಬೇಡ, ಸ್ವಲ್ಪ ಮುಂಚೆ ಚಾರ್ಜರ್ ಕಿತ್ತರೆ ಆಯಿತು.

ರಿಮೋಟು ಕೈಕೊಟ್ಟರೆ ಏನು ಮಾಡಬೇಕು ಅನ್ನುವುದು ನನಗೆ ಇನ್ನೂ ಜಗ್ಗಾಡುತ್ತಿರುವ ಪ್ರಶ್ನೆ. ಆಟಿಕೆ ವಿಮಾನದಲ್ಲಿ ಉತ್ತರ ಸುಲಭ, ಮೋಟಾರ್ ನಿಲ್ಲಿಸಿಬಿಡಿ. ಇಲ್ಲಿ? ಮೋಟಾರನ್ನು ಬಿಟ್ಟುಬಿಟ್ಟರೆ ಇಳಿಜಾರಿನಲ್ಲಿ ಬ್ರೇಕಿಲ್ಲದ ಹಲಗೆ. ಗಕ್ಕನೆ ಬ್ರೇಕ್ ಹಾಕಿದರೆ ಮುಖ ರಸ್ತೆಗೆ. ವೆಸ್ಕ್‌ನಲ್ಲಿ ಇದಕ್ಕೆ ಒಂದು ಟೈಮ್‌ಔಟ್ ಇದೆ. ಒಂದು ಸೆಕೆಂಡ್ ಸಿಗ್ನಲ್ ಇಲ್ಲದಿದ್ದರೆ ನಾವು ಹೇಳಿದಷ್ಟು ಆಂಪ್ ಬ್ರೇಕ್ ಹಾಕುತ್ತದೆ. ನಾವು ಏನೂ ಹೇಳದಿದ್ದರೆ ಸೊನ್ನೆ. ತುಂಬಾ ಜನ ಅದನ್ನು ಸೊನ್ನೆಯಲ್ಲೇ ಬಿಟ್ಟಿರುತ್ತಾರೆ. ನಾನು ಮಾಡಿದ್ದು, ಮೊದಲು ಏನೂ ಮಾಡದೆ ಒಂದು ಕ್ಷಣ ಬಿಡುವುದು, ಅಷ್ಟರಲ್ಲಿ ರಿಮೋಟಿನಲ್ಲಿ ಕಂಪನ, ಆಮೇಲೆ ಎರಡು ಸೆಕೆಂಡಿನಲ್ಲಿ ನಿಧಾನವಾಗಿ ಏರುವ ಬ್ರೇಕು. ಮೈ ಅದಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಬೀಳಿಸುವುದು ಬ್ರೇಕಿನ ಜೋರಲ್ಲ, ಅದು ಏರುವ ಆತುರ.

ಮಾಸ್‌ಫೆಟ್ ಸತ್ತಾಗಿನ ಕಥೆಗೆ ಮಾತ್ರ ಯಾವ ಕೋಡೂ ಇಲ್ಲ. ಅದು ಸಾಮಾನ್ಯವಾಗಿ ಶಾರ್ಟ್ ಆಗಿಯೇ ಸಾಯುತ್ತದೆ. ಎರಡು ಶಾರ್ಟ್ ಆದರೆ ಮೋಟಾರಿನ ತಂತಿಗಳು ಒಂದಕ್ಕೊಂದು ಸೇರಿ ಚಕ್ರ ಗಪ್ಪನೆ ಬಿಗಿಯುತ್ತದೆ. ಹಾಗಾಗಿ ಅದು ಸಾಯದ ಹಾಗೆ ನೋಡಿಕೊಳ್ಳುವುದೇ ದಾರಿ. 60 ವೋಲ್ಟಿನ ಜಾಗದಲ್ಲಿ 100 ವೋಲ್ಟಿನ ಮಾಸ್‌ಫೆಟ್ ಹಾಕಿದ್ದೇನೆ. ರೆಸಿಸ್ಟೆನ್ಸ್ ಸ್ವಲ್ಪ ಜಾಸ್ತಿ, ಬಿಸಿ ಸ್ವಲ್ಪ ಜಾಸ್ತಿ, ದುಡ್ಡೂ ಜಾಸ್ತಿ. ಇರಲಿ. ಪೆಟ್ಟಿಗೆಯ ಮೇಲೆ ದೊಡ್ಡ ಆಂಪ್ ನಂಬರ್ ಬರೆಯುವವರ ಜೊತೆ ನನಗೆ ಪೈಪೋಟಿ ಇಲ್ಲ.

ಬಿಸಿಯ ಪಾಠ ಕಲಿಸಿದ್ದು ವಿಜಯಪುರ. ಬೆಳಗಾವಿಯ ಹವೆಯಲ್ಲಿ ಆರಾಮಾಗಿ ಓಡುತ್ತಿದ್ದ ಕಂಟ್ರೋಲರನ್ನು ಅಲ್ಲಿನ ಗೆಳೆಯನಿಗೆ ಕೊಟ್ಟಿದ್ದೆ. ಮೇ ತಿಂಗಳು, 40 ಡಿಗ್ರಿ ದಾಟಿದ ಬಿಸಿಲು, ಕಪ್ಪು ಡಾಂಬರು, ಗಾಳಿ ಆಡದ ಕಪ್ಪು ಡಬ್ಬಿ. ಮಾಸ್‌ಫೆಟ್ ಕಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ, ಏರಿದಷ್ಟೂ ಇನ್ನೂ ಕಾಯುತ್ತದೆ. ಆಗ ವೆಸ್ಕ್ ಕೋಡಿನ ಒಂದು ಸಣ್ಣ ಜಾಣತನದ ಬೆಲೆ ಗೊತ್ತಾಯಿತು. ಅದು 85 ಡಿಗ್ರಿಯಿಂದ ಕರೆಂಟು ಇಳಿಸುತ್ತಾ ಹೋಗಿ 100 ಡಿಗ್ರಿಗೆ ಪೂರ್ತಿ ನಿಲ್ಲಿಸುತ್ತದೆ. ಆದರೆ ಓಡಿಸುವ ಕರೆಂಟಿಗೆ ಈ ಮಿತಿಯನ್ನು ಸ್ವಲ್ಪ ಮುಂಚೆಯೇ ತರುತ್ತದೆ, ಬ್ರೇಕಿಗೆ ಒಂದಿಷ್ಟು ಉಳಿಸಿಡುತ್ತದೆ. ಓಡುವುದು ನಿಂತರೂ ನಿಲ್ಲಿಸುವುದು ನಿಲ್ಲಬಾರದು ಅಂತ ಯಾರೋ ಕೂತು ಯೋಚಿಸಿದ್ದಾರೆ. ಗೆಳೆಯನ ಡಬ್ಬಿಗೆ ಉದ್ಯಮಬಾಗದಲ್ಲೇ ದಪ್ಪ ಅಲ್ಯೂಮಿನಿಯಂ ತಳ ಮಿಲ್ಲಿಂಗ್ ಮಾಡಿಸಿ ಕಳಿಸಿದೆ, ಕಂಟ್ರೋಲರ್ ಅದಕ್ಕೇ ಅಂಟಿಕೊಂಡು ಕೂರುವ ಹಾಗೆ. ಈ ಊರಲ್ಲಿ ಚಿಪ್ಪು ಸಿಗುವುದಿಲ್ಲ, ಬೆಂಗಳೂರಿನ ಎಸ್‌ಪಿ ರೋಡಿನಿಂದಲೋ ಆನ್‌ಲೈನ್‌ನಲ್ಲೋ ತರಿಸಬೇಕು. ಲೋಹದ ಕೆಲಸಕ್ಕೆ ಮಾತ್ರ ಬೀದಿ ದಾಟಿದರೆ ಸಾಕು.

ಎಲ್ಲಿ ಓಡಿಸಿ ನೋಡುವುದು ಅನ್ನುವುದೂ ಒಂದು ತಲೆನೋವು. ಕ್ಯಾಂಪಿನ ರಸ್ತೆಗಳು ಅಗಲ, ಮರದ ನೆರಳು, ಭಾರಿ ಚೆಂದ. ಆದರೆ ಕೈಯಲ್ಲಿ ರಿಮೋಟು, ಕಾಲಡಿ ಬ್ಯಾಟರಿ, ಹೊರಗೆ ಇಳಿಬಿದ್ದ ವೈರು, ಇಷ್ಟನ್ನು ಹೊತ್ತುಕೊಂಡು ಮಿಲಿಟರಿ ಏರಿಯಾದಲ್ಲಿ ಸುತ್ತುವ ಧೈರ್ಯ ನನಗಿಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ಬೆಳಗಾವಿ ಹೆಸರು ಬಂದ ಮೇಲೆ ಆದ ಕಾಂಕ್ರೀಟ್ ರಸ್ತೆಗಳು ಸಣ್ಣ ಚಕ್ರಕ್ಕೆ ಹೇಳಿ ಮಾಡಿಸಿದ ಹಾಗಿವೆ, ನಡುವಿನ ಹಂಪುಗಳನ್ನು ಬಿಟ್ಟರೆ. ಕಾನೂನಿನ ಮಾತೂ ಇದೆ. 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ಒಳಗಿನ ಬ್ಯಾಟರಿ ಗಾಡಿಗೆ ನಮ್ಮಲ್ಲಿ ನೋಂದಣಿ ಬೇಡ. ಸ್ಕೇಟ್‌ಬೋರ್ಡಿನ ಈ ಮೋಟಾರುಗಳ ತಾಕತ್ತು ಅದರ ಎಷ್ಟೋ ಪಟ್ಟು. ಹಾಗಾಗಿ ನಾನು ದೊಡ್ಡ ರಸ್ತೆಗೆ ಇಳಿಯುವುದಿಲ್ಲ. ಬೆಳಗಾಗುವ ಮುಂಚೆ ಖಾಲಿ ಲೇಔಟು, ಹೆಲ್ಮೆಟ್ಟು, ಮೊಣಕಾಲು ಕವಚ. ಲಾಗ್ ಫೈಲಿನಲ್ಲಿ ನಾನು ಮೊದಲು ನೋಡುವುದು ಗಂಟೆಗೆ ಐದು ಕಿಲೋಮೀಟರ್ ಒಳಗಿನ ಗೆರೆಗಳನ್ನೇ.

ಈಗ ಹೊಸ ತಕರಾರು ರಿವರ್ಸ್‌ದು. "ಕಾಕಾ, ರಿವರ್ಸ್ ಹಾಕಿಕೊಡು. ಎಲ್ಲರ ಬೋರ್ಡಿಗೂ ಐತಿ" ಅಂತ ಹಿಂದೆ ಬಿದ್ದಿದ್ದಾನೆ. ನನಗೆ ಮನಸ್ಸಿಲ್ಲ. ಆಟಿಕೆ ಕಾರಿನಿಂದ ಬಂದ ಚಾಳಿ ಅದು. ಬ್ರೇಕ್ ಒತ್ತಿ ಹಿಡಿದರೆ ಗಾಡಿ ನಿಂತು, ಹಾಗೇ ಹಿಂದಕ್ಕೆ ಹೊರಡುತ್ತದೆ. ಗಾಬರಿಯಲ್ಲಿ ಬ್ರೇಕ್ ಒತ್ತಿದವನು ಬೆರಳು ಸಡಿಲ ಮಾಡುತ್ತಾನಾ? ಮುಂದಕ್ಕೆ ಬೀಳದಂತೆ ಇಷ್ಟೆಲ್ಲ ಮಾಡಿ, ಹಿಂದಕ್ಕೆ ಬೀಳಲು ಬಾಗಿಲು ತೆರೆದ ಹಾಗಾಗುತ್ತದೆ. ಆದರೂ ಅವನ ಕಾಟ ತಾಳದೆ ಒಂದು ಷರತ್ತಿನ ರಿವರ್ಸ್ ಬರೆದಿಟ್ಟಿದ್ದೇನೆ. ಬೋರ್ಡು ಪೂರ್ತಿ ನಿಲ್ಲಬೇಕು, ಬೆರಳು ಪೂರ್ತಿ ಬಿಡಬೇಕು, ಆಮೇಲೆ ಎರಡು ಸಲ ಒತ್ತಬೇಕು, ನಡಿಗೆಗಿಂತ ಜೋರು ಹೋಗಬಾರದು. ಅವನಿಗಿನ್ನೂ ಹೇಳಿಲ್ಲ. ಮೊದಲು ಮಳೆಗಾಲಕ್ಕೆ ಡಬ್ಬಿಯ ಸೀಲಿಂಗ್ ಮುಗಿಯಲಿ.